ವಾಲ್ಟರ್ ಬಿಟ್ಟ ಕ್ಯಾಚ್

"ನನ್ನ ಗಂಡ ಎಲ್ಲಿ?"

ಶನಿವಾರ ಬೆಳಗ್ಗೆ ಹತ್ತು ಗಂಟೆ. ಬೆಲ್ ಆಯಿತು, ದೋಸೆ ಸೌಟು ಹಿಡಿದುಕೊಂಡೇ ಹೋಗಿ ಬಾಗಿಲು ತೆಗೆದೆ. ಎದುರಿಗೆ ನಿಂತಿದ್ದ ಎಪ್ಪತ್ತೆಂಟು ವರ್ಷದ ಹೆಲ್ಗಾ ಕೇಳಿದ ಮೊದಲ ಪ್ರಶ್ನೆಯೇ ಇದು. ಗುಡ್ ಮಾರ್ನಿಂಗ್ ಇಲ್ಲ, ಹೇಗಿದ್ದೀಯಾ ಇಲ್ಲ.

ಜರ್ಮನಿಯಲ್ಲಿ ಹೇಳದೆ ಕೇಳದೆ ಬಂದು ಬೆಲ್ ಒತ್ತುವವರು ಪಾರ್ಸೆಲ್‌ನವರು ಮಾತ್ರ. ಹತ್ತು ವರ್ಷದ ಗೆಳತಿಯೂ ಮೆಸೇಜ್ ಮಾಡಿ, ಟೈಮ್ ಫಿಕ್ಸ್ ಮಾಡಿಕೊಂಡೇ ಬರುತ್ತಾಳೆ. ಹಾಗಿರುವಾಗ ಈಕೆ ಬಂದಿದ್ದಾರೆ ಅಂದರೆ ವಿಷಯ ಗಂಭೀರ. ಅದಕ್ಕಿಂತ ಗಂಭೀರ ಇನ್ನೊಂದಿತ್ತು. ಹೆಲ್ಗಾ ಅವರ ಗಂಡ ವಾಲ್ಟರ್ ತೀರಿಕೊಂಡು ಆಗಲೇ ಐದು ತಿಂಗಳಾಗಿತ್ತು. ಮಣ್ಣು ಮಾಡುವಾಗ ನಾನೂ ಹೋಗಿ ಒಂದು ಹೂ ಹಾಕಿ ಬಂದಿದ್ದೆ.

ಪಾಪ, ವಯಸ್ಸು, ದುಃಖ, ಏನೋ ಆಗಿದೆ ಅಂದುಕೊಂಡೆ. ಮೆತ್ತಗೆ ಕೈ ಹಿಡಿದು ಒಳಗೆ ಕರೆದೆ.

ಆಕೆ ಕೈ ಬಿಡಿಸಿಕೊಂಡು ಚೀಲದಿಂದ ಒಂದು ಕಾಗದದ ಕಟ್ಟು ತೆಗೆದರು. ನಾನೇ ಬರೆದು ಕಳಿಸಿದ್ದ ಕಟ್ಟು. ಅಂಚಿನ ತುಂಬ ಹಳದಿ ಚೀಟಿ. "ನಲವತ್ತು ಪುಟ ಎರಡು ಸಲ ಓದಿದೆ. ನನ್ನ ಗಂಡ ಎಲ್ಲೂ ಇಲ್ಲ. ಎಲ್ಲಿ ಹೋದ?"

ಅಜ್ಜಿಯ ತಲೆ ಸರಿಯಾಗೇ ಇತ್ತು. ಏನೋ ಆಗಿದ್ದದ್ದು ನನ್ನ ಬರವಣಿಗೆಗೆ.

ವಿಷಯಕ್ಕೆ ಬರುತ್ತೇನೆ. ಸ್ಟುಟ್‌ಗಾರ್ಟ್ ಹತ್ತಿರದ ನಮ್ಮ ಪುಟ್ಟ ಊರಿಗೆ ಒಂದು ಬೇಸ್‌ಬಾಲ್ ಟೀಮ್ ಇದೆ. ಜರ್ಮನಿಯಲ್ಲಿ ಬೇಸ್‌ಬಾಲಾ ಅಂತ ನೀವು ಕೇಳುತ್ತೀರಿ. ಇಲ್ಲಿಯ ಜರ್ಮನರೂ ಅದನ್ನೇ ಕೇಳುತ್ತಾರೆ. ಟೀಮಿನ ಹೆಸರು ಸ್ನೇಲ್ಸ್. ಅಂದರೆ ಬಸವನಹುಳುಗಳು. ಬೇರೆ ಊರಿನವರು ಹದ್ದು, ಕರಡಿ, ತೋಳ ಅಂತೆಲ್ಲ ಹೆಸರಿಟ್ಟುಕೊಂಡಾಗ ನಮ್ಮವರು ಬಸವನಹುಳುವನ್ನು ಆರಿಸಿಕೊಂಡರು. ಕಾರಣವೂ ಇದೆ. ಈ ಆಟದಲ್ಲಿ ಚೆಂಡು ಹೊಡೆದವನು ಮೈದಾನ ಸುತ್ತಿ 'ಹೋಮ್'ಗೆ ವಾಪಸು ಬಂದರೆ ಮಾತ್ರ ಒಂದು ರನ್. ಬಸವನಹುಳು ಹೋಮನ್ನು ಬೆನ್ನ ಮೇಲೇ ಹೊತ್ತುಕೊಂಡು ತಿರುಗುತ್ತದಲ್ಲ, ಇನ್ನೇನು ಬೇಕು ಅಂತ ಯಾರೋ ಬಿಯರ್ ಕುಡಿಯುತ್ತ ಹೇಳಿದರಂತೆ. ಮಾರನೆಯ ದಿನ ಯಾರೂ ಹೆಸರು ಬದಲಿಸುವ ಗೋಜಿಗೆ ಹೋಗಲಿಲ್ಲ.

ಪ್ರೊಫೆಷನಲ್ ಟೀಮ್ ಅಂತ ಹೇಳಿಕೊಳ್ಳುತ್ತಾರೆ. ಲೀಗ್ ನಿಜವಾದದ್ದೇ, ಅಂಪೈರುಗಳೂ ನಿಜವಾದವರೇ. ಆದರೆ ಸಂಬಳಕ್ಕೆ ಆಡುವವನು ಒಬ್ಬನೇ ಒಬ್ಬ, ಪ್ರತಿ ಬೇಸಿಗೆಗೆ ಅಮೆರಿಕದಿಂದ ಕರೆಸುವ ಪಿಚರ್, ಅಂದರೆ ಚೆಂಡು ಎಸೆಯುವವನು. ಅವನು ಕ್ಲಬ್ ಅಧ್ಯಕ್ಷರ ಮನೆಯ ನೆಲಮಾಳಿಗೆಯಲ್ಲಿ ಇರುತ್ತಾನೆ. ಬೇಸಿಗೆ ಮುಗಿಯುವ ಹೊತ್ತಿಗೆ ಆಲೂಗಡ್ಡೆ ಸಲಾಡ್ ತಿಂದು ಐದು ಕಿಲೋ ಜಾಸ್ತಿಯಾಗಿ ವಾಪಸು ಹೋಗುತ್ತಾನೆ. ಉಳಿದವರೆಲ್ಲ ಎಲೆಕ್ಟ್ರಿಷಿಯನ್, ಬೇಕರಿಯವ, ಸ್ಕೂಲ್ ಮೇಷ್ಟ್ರು.

ಮೈದಾನದ ಕಥೆ ಕೇಳಿ. ಬಲಗಡೆ ದ್ರಾಕ್ಷಿ ತೋಟದ ಗುಡ್ಡ. ಆ ಕಡೆ ಫೀಲ್ಡ್ ಮಾಡುವವನು ಏರು ಹತ್ತಿಕೊಂಡು ಓಡಬೇಕು. ಹೊರಗಿನ ಟೀಮುಗಳು ಇದು ಅನ್ಯಾಯ ಅಂತ ದೂರು ಕೊಟ್ಟಿದ್ದವಂತೆ. ಲೀಗಿನವರು ಬಂದು ನೋಡಿದರು. ಇಷ್ಟು ವರ್ಷದಿಂದ ಇಲ್ಲೇ ಆಡುತ್ತಿರುವ ಸ್ನೇಲ್ಸ್‌ಗೂ ಆ ಗುಡ್ಡದಿಂದ ಏನೂ ಲಾಭವಾಗಿಲ್ಲ ಅಂತ ಖಾತ್ರಿ ಮಾಡಿಕೊಂಡು ದೂರನ್ನು ವಜಾ ಮಾಡಿದರು.

ಒಂದು ವರ್ಷ ಒಂದು ಮ್ಯಾಚೂ ಗೆಲ್ಲಲಿಲ್ಲ. ಇನ್ನೊಂದು ವರ್ಷ ನೊಯ್‌ಶ್ಟಾಟ್ ಅನ್ನುವ ಊರಿನಲ್ಲಿ ಮ್ಯಾಚ್ ಇತ್ತು. ಈ ದೇಶದಲ್ಲಿ ನೊಯ್‌ಶ್ಟಾಟ್‌ಗಳು ನಮ್ಮ ಕಡೆಯ ರಾಂಪುರಗಳಷ್ಟಿವೆ. ಇವರು ಬೇರೆ ನೊಯ್‌ಶ್ಟಾಟ್‌ಗೆ ಹೋಗಿ, ಅಲ್ಲಿ ಚರ್ಚ್ ನೋಡಿಕೊಂಡು, ಐಸ್‌ಕ್ರೀಮ್ ತಿಂದುಕೊಂಡು ಬಂದರು. ಬರದ ಟೀಮಿಗೆ ಬೇಸ್‌ಬಾಲಿನಲ್ಲಿ ಸೊನ್ನೆ, ಎದುರಾಳಿಗೆ ಒಂಬತ್ತು. ಮುಂದೊಂದು ಸಲ ಎದುರಾಳಿಗಳ ಬಸ್ಸು ಹೈವೇಯಲ್ಲಿ ಕೆಟ್ಟು ನಿಂತು ಇವರಿಗೇ ಆ ಒಂಬತ್ತು ಸಿಕ್ಕಿತು. ಆ ಗೆಲುವಿಗೆ ಎರಡು ದಿನ ಪಾರ್ಟಿ ಮಾಡಿದರಂತೆ.

ಇಂಥ ಕ್ಲಬ್ಬಿಗೆ ನಮ್ಮ ಮಗಳು ಆದ್ಯಾ ಹೋಗಿ ಸೇರಿಕೊಂಡಳು. ಹದಿಮೂರು ವರ್ಷ. ಜೂನಿಯರ್ ಟೀಮು. ನಮ್ಮ ಯಜಮಾನರು ಗಿರೀಶ್ ಮೈಸೂರಿನವರು, ಕ್ರಿಕೆಟ್ ಹುಚ್ಚು. ಮಗಳ ಕೈಯಲ್ಲಿ ಬೇಸ್‌ಬಾಲ್ ಗ್ಲವ್ಸ್ ನೋಡಿದ ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ.

ಇಲ್ಲಿಯ ಕ್ಲಬ್ಬುಗಳಲ್ಲಿ ಒಂದು ಪದ್ಧತಿ ಇದೆ. ಮಗುವನ್ನು ಸೇರಿಸಿದರೆ ಸಾಲದು, ಅಪ್ಪ ಅಮ್ಮನೂ ವರ್ಷಕ್ಕೆ ಇಷ್ಟು ಗಂಟೆ ಮೈಬಗ್ಗಿಸಿ ಕ್ಲಬ್ಬಿಗೆ ಕೆಲಸ ಮಾಡಬೇಕು. ಆರ್ಬೈಟ್ಸ್‌ಶ್ಟುಂಡೆನ್ ಅಂತ ಅದಕ್ಕೆ ಹೆಸರು. ಗೋಡೆಯ ಮೇಲೆ ಪಟ್ಟಿ ಅಂಟಿಸಿರುತ್ತಾರೆ, ಬೇಕಾದ ಕೆಲಸದ ಮುಂದೆ ನಾವೇ ಹೆಸರು ಬರೆಯಬೇಕು. ಹುಲ್ಲು ಕತ್ತರಿಸುವುದು, ಟಾಯ್ಲೆಟ್ ತೊಳೆಯುವುದು, ಮ್ಯಾಚಿನ ದಿನ ಸಾಸೇಜ್ ಸುಡುವುದು. ಹುಲ್ಲು ಅಂದರೆ ನನಗೆ ಅಲರ್ಜಿ. ಸಾಸೇಜ್ ಸುಡಲು ಕೈ ಬರುವುದಿಲ್ಲ. ಟಾಯ್ಲೆಟ್ ಗಿರೀಶ್‌ಗೆ ಅಂತ ನಾನೇ ಬರೆದುಬಿಟ್ಟೆ. ಪಟ್ಟಿಯ ಕೊನೆಯ ಸಾಲು ಖಾಲಿ ಇತ್ತು: ಕ್ಲಬ್ಬಿನ ಚರಿತ್ರೆ ಬರೆಯುವುದು. ವಾರ್ಷಿಕೋತ್ಸವಕ್ಕೆ ಪುಸ್ತಕ ತರಬೇಕಂತೆ. ಯಾರೂ ಮುಟ್ಟಿರಲಿಲ್ಲ.

ನನಗೆ ಬಾಯಿ ಸುಮ್ಮನಿರುವುದಿಲ್ಲ ಅನ್ನುವುದು ನಿಮಗೆ ಗೊತ್ತೇ ಇದೆ. "ನಾನು ರೈಟರ್. ನಮ್ಮ ಭಾಷೆಯಲ್ಲಿ ಪ್ರತಿ ವಾರ ಬರೀತೀನಿ," ಅಂದೆ. ಅಧ್ಯಕ್ಷ ಯೋಕೆನ್ ಎದ್ದು ನಿಂತು ಕೈ ಕುಲುಕಿದರು.

ಆಮೇಲೆ ಶುರುವಾಯಿತು ನೋಡಿ. ಕ್ಲಬ್ಬಿನ ದಾಖಲೆಗಳೆಲ್ಲ ಹೆಲ್ಗಾ ಮನೆಯಲ್ಲಿವೆ ಅಂದರು. (ಕ್ಲಬ್ಬಿನಲ್ಲಿ ಎಲ್ಲರನ್ನೂ ಏಕವಚನದಲ್ಲಿ, ಹೆಸರು ಹಿಡಿದು ಕರೆಯುವುದೇ ರೂಢಿ. ತುಮಕೂರಿನಲ್ಲಿ ಬೆಳೆದ ನನ್ನ ಬಾಯಿಗೆ ಇವತ್ತಿಗೂ ಅದು ಬರುವುದಿಲ್ಲ. ಹಾಗಾಗಿ ಬಾಯಲ್ಲಿ ಹೆಲ್ಗಾ, ಮನಸ್ಸಿನಲ್ಲಿ ಹೆಲ್ಗಮ್ಮ.) ಹೆಲ್ಗಮ್ಮ ಮೊದಲ ದಿನದಿಂದಲೂ ಕ್ಲಬ್ಬಿನ ಸ್ಕೋರರ್. ಪ್ರತಿ ಮ್ಯಾಚನ್ನೂ ಪೆನ್ಸಿಲ್ಲಿನಲ್ಲಿ, ಸಣ್ಣ ಸಣ್ಣ ಚೌಕಗಳಲ್ಲಿ ಬರೆದಿಟ್ಟಿದ್ದಾರೆ. ಒಂದು ಕಪಾಟು ತುಂಬ ಪುಸ್ತಕ. ಮಾರ್ಚ್ ತಿಂಗಳ ನಾಲ್ಕು ಭಾನುವಾರ ಅವರ ಅಡುಗೆಮನೆಯಲ್ಲಿ ಕೂತು ಆ ಭಾಷೆ ಕಲಿತೆ. ಎದುರಿಗೆ ಗೋಡೆಯ ಮೇಲೆ ವಾಲ್ಟರ್ ಫೋಟೋ. ದೊಡ್ಡ ಕಿವಿ, ಸಣ್ಣ ನಗು.

ಬೇಸ್‌ಬಾಲಿನ ಒಂದು ವಿಚಿತ್ರ ಹೇಳಲೇಬೇಕು. ಸ್ಕೋರ್‌ಬೋರ್ಡಿನಲ್ಲಿ ರನ್ನು ಎಷ್ಟು, ಹೊಡೆತ ಎಷ್ಟು ಅಂತ ಇರುತ್ತದೆ. ಅದರ ಪಕ್ಕದಲ್ಲೇ ತಪ್ಪು ಎಷ್ಟು ಅಂತಲೂ ಇರುತ್ತದೆ. ಸುಲಭದ ಚೆಂಡು ಬಿಟ್ಟರೆ, ಅಡ್ಡಾದಿಡ್ಡಿ ಎಸೆದರೆ, ಸ್ಕೋರರ್ ಅದನ್ನು ಎರರ್ ಅಂತ ಬರೆಯುತ್ತಾರೆ. ಜರ್ಮನ್‌ನಲ್ಲಿ ಫೇಲರ್. ಯಾರ ತಪ್ಪು ಅನ್ನುವುದೂ ಪುಸ್ತಕದಲ್ಲಿ ಇರುತ್ತದೆ. ಅದು ತಪ್ಪೋ, ಎದುರಾಳಿಯ ಒಳ್ಳೆಯ ಹೊಡೆತವೋ ಅಂತ ತೀರ್ಮಾನಿಸುವುದು ಸ್ಕೋರರ್ ಒಬ್ಬರೇ.

ಗಿರೀಶ್ ಇದನ್ನು ಕೇಳಿ ಬೆಚ್ಚಿಬಿದ್ದರು. "ಏನೇ ಇದು ಅನ್ಯಾಯ? ಕ್ರಿಕೆಟ್ಟಲ್ಲಿ ಕ್ಯಾಚ್ ಬಿಟ್ಟೋನ ಹೆಸರು ಸ್ಕೋರ್‌ಕಾರ್ಡಲ್ಲಿ ಬರಲ್ಲಪ್ಪ. ಬಿಟ್ಟೋನಿಗೆ ಗೊತ್ತು, ನೋಡಿದೋರಿಗೆ ಗೊತ್ತು. ಸಾಕಲ್ವಾ?"

ನನಗೂ ಹಾಗೇ ಅನಿಸಿತು. ಆದ್ದರಿಂದಲೇ ಎಡವಟ್ಟಾಯಿತು.

ಹಳೆಯ ಪುಸ್ತಕಗಳಲ್ಲಿ ಒಂದು ಮ್ಯಾಚ್ ಸಿಕ್ಕಿತು. ಸ್ನೇಲ್ಸ್ ಚರಿತ್ರೆಯಲ್ಲಿ ಅತಿ ದೊಡ್ಡ ಮ್ಯಾಚ್ ಅದೇ. ಗೆದ್ದರೆ ದೇಶದ ಅತಿ ಮೇಲಿನ ಲೀಗಿಗೆ ಬಡ್ತಿ. ಕೊನೆಯ ಸುತ್ತು. ನಮ್ಮವರು ಒಂದು ರನ್ ಮುಂದೆ. ಎದುರಾಳಿಗಳ ಇಬ್ಬರು ಔಟ್, ಇನ್ನೊಬ್ಬ ಔಟಾದರೆ ಮುಗಿಯಿತು. ಚೆಂಡು ಮೇಲೆ ಹೋಯಿತು, ನಡು ಮೈದಾನದಲ್ಲಿ ನಿಂತಿದ್ದವನ ತಲೆಯ ಮೇಲೆಯೇ ಬಂತು. ಅವನು ಒಂದು ಹೆಜ್ಜೆಯನ್ನೂ ಹಾಕಬೇಕಿರಲಿಲ್ಲ. ಗ್ಲವ್ಸಿನೊಳಗೆ ಬಿದ್ದ ಚೆಂಡು ಆಚೆ ಬಂತು. ಎದುರಾಳಿಗಳ ಇಬ್ಬರು ಓಡಿ ರನ್ ಮಾಡಿಕೊಂಡು ಒಂದು ರನ್ ಮುಂದೆ ಹೋದರು. ಆಮೇಲೆ ನಮ್ಮವರಿಗೂ ಒಂದು ಸರದಿ ಇತ್ತು, ಮೂವರೂ ಬಂದಷ್ಟೇ ಬೇಗ ಔಟಾದರು. ಆ ಮೂವರ ಹೆಸರು ಈಗ ಯಾರಿಗೂ ನೆನಪಿಲ್ಲ.

ಪುಸ್ತಕದ ಆ ಚೌಕದಲ್ಲಿ ಅಚ್ಚುಕಟ್ಟಾದ ಪೆನ್ಸಿಲ್ ಅಕ್ಷರ. ಇ ಎಂಟು. ಎಂಟನೇ ಜಾಗದ ಆಟಗಾರನ ಎರರ್. ಎಂಟನೇ ಜಾಗದಲ್ಲಿದ್ದವರು ವಾಲ್ಟರ್. ಬರೆದವರು ಹೆಂಡತಿ.

ಆ ಸಂಜೆ ವಾಲ್ಟರ್ ಒಂದು ಕೇಕ್ ಮಾಡಿಕೊಂಡು ಕ್ಲಬ್ಬಿಗೆ ಬಂದರಂತೆ. ಅದುವರೆಗೂ ಅವರು ಮೊಟ್ಟೆ ಒಡೆದವರಲ್ಲ. ಕೇಕಿನ ನಡು ಭಾಗ ಹಸಿಯಾಗೇ ಇತ್ತಂತೆ. ಎಲ್ಲರೂ ತಿಂದರು. ಅವತ್ತಿನಿಂದ ಅದೇ ಪದ್ಧತಿ. ಯಾರ ತಪ್ಪಿನಿಂದ ಮ್ಯಾಚ್ ಹೋಗುತ್ತದೋ ಅವರು ಮುಂದಿನ ಪ್ರಾಕ್ಟೀಸಿಗೆ ಕೇಕ್ ತರಬೇಕು. ಫೇಲರ್‌ಕೂಖೆನ್, ತಪ್ಪಿನ ಕೇಕು. ಕೇಕ್ ತಿಂದ ಮೇಲೆ ಆ ಮಾತು ಎತ್ತುವ ಹಾಗಿಲ್ಲ. ಸ್ನೇಲ್ಸ್ ಹುಡುಗರಿಗೆ ಆಟ ಅಷ್ಟಕ್ಕಷ್ಟೇ. ಕೇಕ್ ಮಾತ್ರ ಊರಿಗೇ ಫೇಮಸ್.

ಇದನ್ನೆಲ್ಲ ಕೇಳಿಕೊಂಡು ಮನೆಗೆ ಬಂದು ನಾನು ಬರೆದದ್ದೇನು?

"ಪ್ರಕೃತಿಯ ಅಸಹಕಾರದಿಂದ ಐತಿಹಾಸಿಕ ಗೆಲುವು ಕೂದಲೆಳೆಯಲ್ಲಿ ಕೈತಪ್ಪಿತು. ಆದರೇನು, ತಂಡ ಎಲ್ಲರ ಹೃದಯ ಗೆದ್ದಿತು." ಕೇಕಿನ ಬಗ್ಗೆ: "ಸದಸ್ಯರ ಪರಸ್ಪರ ಪ್ರೀತಿಯ ಸಂಕೇತವಾಗಿ ಕೇಕ್ ಹಂಚುವ ಸುಂದರ ಪರಂಪರೆ ಬೆಳೆದುಬಂದಿದೆ."

ನಗಬೇಡಿ. ನೀವು ಬರೆದಿದ್ದರೂ ಹೀಗೇ ಬರೆಯುತ್ತಿದ್ದಿರಿ.

ನಾವು ಇದನ್ನೇ ಕಲಿತು ಬಂದವರಲ್ಲವೇ? ಅಭಿನಂದನ ಗ್ರಂಥಗಳನ್ನು ಓದಿಕೊಂಡು ಬೆಳೆದವರು. ಅದರಲ್ಲಿ ಬರುವ ಮನುಷ್ಯ ಹುಟ್ಟಿದಾಗಲೇ ಚೂಟಿ, ಕಾಲೇಜಿನಲ್ಲಿ ಪ್ರತಿಭಾವಂತ, ಆಫೀಸಿನಲ್ಲಿ ಕರ್ತವ್ಯನಿಷ್ಠ, ಮನೆಯಲ್ಲಿ ವಾತ್ಸಲ್ಯಮಯಿ. ಸತ್ತ ಮೇಲಂತೂ ಅಜಾತಶತ್ರು. ಪಕ್ಕದ ಮನೆಯವರೊಂದಿಗೆ ಕಾಂಪೌಂಡ್ ಗೋಡೆಗಾಗಿ ಕೋರ್ಟಿಗೆ ಅಲೆದದ್ದು ಯಾವ ಗ್ರಂಥದಲ್ಲೂ ಬರುವುದಿಲ್ಲ. ಇಲ್ಲಿಗೆ ಬಂದ ಮೇಲೆ ಒಂದು ಕನ್ನಡ ಬಳಗದ ಸ್ಮರಣ ಸಂಚಿಕೆಯನ್ನೂ ನಾನೇ ಎಡಿಟ್ ಮಾಡಿದ್ದೆ. ಬಿಸಿಬೇಳೆ ಬಾತಿಗೆ ಈರುಳ್ಳಿ ಹಾಕಬೇಕೋ ಬೇಡವೋ ಅನ್ನುವ ಜಗಳದಲ್ಲಿ ಬಳಗ ಎರಡು ಹೋಳಾಗಿತ್ತು. ಸಂಚಿಕೆಯಲ್ಲಿ ನಾನು "ಬಳಗವು ಶಾಖೋಪಶಾಖೆಯಾಗಿ ವಿಸ್ತರಿಸಿತು" ಅಂತ ಬರೆದೆ. ಎರಡೂ ಕಡೆಯವರು ಶಭಾಷ್ ಅಂದರು.

ಅದೇ ಧೈರ್ಯದಲ್ಲಿ ಸ್ನೇಲ್ಸ್ ಚರಿತ್ರೆಗೂ ಪಾಲಿಶ್ ಹೊಡೆದೆ. ತಪ್ಪು ನೊಯ್‌ಶ್ಟಾಟ್ "ಸಾಂಸ್ಕೃತಿಕ ಪ್ರವಾಸ" ಆಯಿತು. ಗೆಲ್ಲದ ವರ್ಷ "ಯುವ ಆಟಗಾರರಿಗೆ ಅವಕಾಶ ಕೊಟ್ಟ ವರ್ಷ" ಆಯಿತು. ವಾಲ್ಟರ್ ಹೆಸರನ್ನಂತೂ ಬೇಕೆಂದೇ ತೆಗೆದೆ. ಸತ್ತವರ ತಪ್ಪನ್ನು ಎತ್ತಿ ಆಡಬಾರದು ಅಂತ ನನ್ನ ಅಜ್ಜಿ ಹೇಳಿಕೊಟ್ಟಿದ್ದಳು. ವಿಧವೆಗೆ ನೋವಾಗಬಾರದು ಅಂತ ನಾನೇ ತೀರ್ಮಾನಿಸಿದೆ. ನಿಜ ಹೇಳುತ್ತೇನೆ, ಆ ಸಾಲು ಅಳಿಸಿದಾಗ ನನ್ನ ಬಗ್ಗೆ ನನಗೇ ಅಭಿಮಾನ ಉಕ್ಕಿ ಬಂದಿತ್ತು.

ಆದ್ಯಾ ನನ್ನ ಜರ್ಮನ್ ತಿದ್ದಿಕೊಟ್ಟಳು. ಎಂಟನೇ ಪುಟಕ್ಕೆ ಬಂದಾಗ ತಲೆಯೆತ್ತಿ, "ಮಮಾ, ದಾಸ್ ಶ್ಟಿಮ್ಟ್ ಡೊಖ್ ಗಾರ್ ನಿಶ್ಟ್," ಅಂದಳು. ಇದು ನಿಜವೇ ಅಲ್ವಲ್ಲ ಅಂತ.

"ನಿಜ ಎಲ್ರಿಗೂ ಗೊತ್ತಿರುತ್ತೆ ಪುಟ್ಟ. ಬರೆಯೋವಾಗ ಸ್ವಲ್ಪ ಚೆನ್ನಾಗಿ ಬರೀಬೇಕು," ಅಂದೆ.

"ವಾರುಮ್?" ಅಂದಳು. ಯಾಕೆ ಅಂತ. ನಾನು ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು ಅಂತ ಎದ್ದುಹೋದೆ. ಕುಕ್ಕರ್ ಕೂಗಿರಲಿಲ್ಲ.

ಯೋಕೆನ್‌ಗೆ ಕಳಿಸಿದೆ. ಎರಡು ದಿನ ಬಿಟ್ಟು ಫೋನ್ ಮಾಡಿದರು. "ತುಂಬಾ ಚೆನ್ನಾಗಿದೆ. ಇದು ಬಹಳ ಒಳ್ಳೆಯ ಕ್ಲಬ್ ಅನ್ನಿಸುತ್ತೆ. ನಾನೂ ಸೇರಬಹುದಿತ್ತು."

ಹೊಗಳಿಕೆ ಅಂದುಕೊಂಡೆ. ಥ್ಯಾಂಕ್ಸ್ ಕೂಡ ಹೇಳಿದೆ. ಈ ಕಡೆಯ ಸ್ವಾಬಿಯನ್ ಜನ ನಗದೇ ಜೋಕ್ ಮಾಡುತ್ತಾರೆ ಅಂತ ಗೊತ್ತಾಗಲು ಇಲ್ಲಿದ್ದ ಹನ್ನೊಂದು ವರ್ಷ ಸಾಲದು ಅನ್ನಿ. ಅವರೂ ನನ್ನ ಮನಸ್ಸು ನೋಯಿಸಬಾರದು ಅಂತ ಸುಮ್ಮನಾದರು. ಪುಸ್ತಕವನ್ನು ಪ್ರೆಸ್ಸಿಗೆ ಕಳಿಸುವ ದಿನ ಸೋಮವಾರ ಅಂತ ಗೊತ್ತಾಯಿತು. ಅದಕ್ಕೆ ಮುಂಚೆ ಒಂದು ಪ್ರತಿ ಹೆಲ್ಗಮ್ಮನಿಗೂ ಹೋಯಿತು. ಶನಿವಾರ ಬೆಳಗ್ಗೆ ಅವರು ನಮ್ಮ ಬಾಗಿಲಲ್ಲಿದ್ದರು.

ದೋಸೆ ಕೊಟ್ಟೆ. ಮುಟ್ಟಲಿಲ್ಲ. ಚೀಲದಿಂದ ಆ ಹಳೆಯ ಸ್ಕೋರ್ ಪುಸ್ತಕವನ್ನೇ ತೆಗೆದು ಮೇಜಿನ ಮೇಲಿಟ್ಟು, ಆ ಪುಟ ಬಿಡಿಸಿ, ಆ ಚೌಕದ ಮೇಲೆ ಬೆರಳಿಟ್ಟರು.

"ಇದು ನಿನಗೆ ಕಾಣಲಿಲ್ವಾ?"

"ಕಾಣಿಸ್ತು. ನಾನೇ ಬಿಟ್ಟೆ."

"ಯಾಕೆ?"

"ನಿಮಗೆ ಬೇಜಾರಾಗಬಾರದು ಅಂತ."

"ನನಗೆ ಬೇಜಾರು ಅಂತ ನಾನು ಹೇಳಿದ್ನಾ?"

ಇಲ್ಲ. ಹೇಳಿರಲಿಲ್ಲ. ನಾಲ್ಕು ಭಾನುವಾರ ಎದುರು ಕೂತು ಕಾಫಿ ಕುಡಿದರೂ ನಾನು ಕೇಳಿಯೂ ಇರಲಿಲ್ಲ. ನಮ್ಮಲ್ಲಿ ಇಂಥದ್ದನ್ನು ಕೇಳುವುದಿಲ್ಲ, ಅಂದುಕೊಳ್ಳುತ್ತೇವೆ. ಅತ್ತೆಗೆ ಬೇಜಾರಾಗುತ್ತೆ, ಮಾವನಿಗೆ ಬೇಜಾರಾಗುತ್ತೆ, ಬಾಸಿಗೆ ಬೇಜಾರಾಗುತ್ತೆ. ಅವರವರ ಬೇಜಾರನ್ನು ಅವರಿಗೇ ಬಿಡುವ ಅಭ್ಯಾಸ ನಮಗಿಲ್ಲ.

ಹೆಲ್ಗಮ್ಮ ನಿಧಾನವಾಗಿ ಹೇಳಿದರು. ವಾಲ್ಟರ್ ಗಾರೆ ಕೆಲಸದವರು. ಹದಿನಾಲ್ಕು ವರ್ಷ ಸ್ನೇಲ್ಸ್‌ಗೆ ಆಡಿದರು. ಹೇಳಿಕೊಳ್ಳುವಂಥ ಒಂದು ಹೊಡೆತ ಇಲ್ಲ, ಒಂದು ಕಪ್ಪು ಇಲ್ಲ, ಪೇಪರಿನಲ್ಲಿ ಒಂದು ಫೋಟೋ ಇಲ್ಲ. "ಅವನು ಒಳ್ಳೆಯ ಆಟಗಾರ ಅಲ್ಲ. ಅದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ, ಎಲ್ಲ ಬರೆದವಳು ನಾನು. ಈ ಕ್ಲಬ್ಬಿನಲ್ಲಿ ಅವನದು ಅಂತ ಇರೋದು ಎರಡೇ. ಈ ತಪ್ಪು, ಆ ಕೇಕು. ನೀನು ಎರಡನ್ನೂ ತೆಗೆದುಬಿಟ್ಟೆ."

ನಾನು ಏನೋ ಹೇಳಲು ಹೋದೆ. ಅವರು ಕೈ ಎತ್ತಿ ತಡೆದರು.

"ಮೊಮ್ಮಕ್ಕಳು ಈ ಪುಸ್ತಕ ಓದ್ತಾರೆ. ತಾತ ಎಲ್ಲಿ ಅಂತ ಹುಡುಕ್ತಾರೆ. ಪ್ರಕೃತಿಯ ಅಸಹಕಾರ ಅಂತ ಇದೆ. ಅವತ್ತು ಪ್ರಕೃತಿ ಚೆನ್ನಾಗಿತ್ತು. ಮೋಡ ಇತ್ತು, ಕಣ್ಣು ಕುಕ್ಕುವ ಬಿಸಿಲೂ ಇರಲಿಲ್ಲ. ಅವನು ಬಿಟ್ಟ, ಅಷ್ಟೇ."

ಅಷ್ಟು ಹೇಳಿ ಕಣ್ಣು ಒರೆಸಿಕೊಂಡರು. ಅಲ್ಲಿಯವರೆಗೂ ನಾನು ಆಕೆ ಅತ್ತದ್ದನ್ನು ನೋಡಿರಲಿಲ್ಲ. ಮಣ್ಣು ಮಾಡಿದ ದಿನವೂ ಅತ್ತಿರಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದಾ ಅನಿಸಿತು. ಯಾವ ನೋವು ಆಗಬಾರದು ಅಂತ ಹೊರಟಿದ್ದೆನೋ ಅದನ್ನೇ ಮಾಡಿ ಕೂತಿದ್ದೆ.

ಇದರಲ್ಲಿ ಇನ್ನೂ ನಾಚಿಕೆಯ ವಿಷಯ ಒಂದಿದೆ. ಪಕ್ಕದ ಊರು ಶ್ವೀಬರ್ಡಿಂಗೆನ್‌ನಲ್ಲಿ ನಾನು ಮಾಡುವ ಕೆಲಸ ಏನು ಗೊತ್ತಾ? ಕಾರಿನ ಎಲೆಕ್ಟ್ರಾನಿಕ್ಸಿನಲ್ಲಿ ಎರರ್ ಮೆಮೊರಿ ಅಂತ ಒಂದು ಭಾಗ ಇರುತ್ತದೆ. ಗಾಡಿಯಲ್ಲಿ ಯಾವ ದೋಷ ಯಾವಾಗ ಆಯಿತು ಅನ್ನುವುದು ಅದರಲ್ಲಿ ದಾಖಲಾಗುತ್ತದೆ. ಅದು ಸರಿಯಾಗಿ ದಾಖಲಾಗುತ್ತಿದೆಯಾ ಅಂತ ಪರೀಕ್ಷಿಸುವುದೇ ನನ್ನ ಡ್ಯೂಟಿ. ಒಂದು ದೋಷ ದಾಖಲಾಗದೆ ತಪ್ಪಿಸಿಕೊಂಡರೂ ಮೀಟಿಂಗ್ ಮೇಲೆ ಮೀಟಿಂಗ್. ಬೆಳಗ್ಗೆ ಎಂಟರಿಂದ ಐದರವರೆಗೆ ಯಂತ್ರ ತಪ್ಪು ಮುಚ್ಚಿಡದಂತೆ ಕಾಯುತ್ತೇನೆ. ಸಂಜೆ ಮನೆಗೆ ಬಂದು ಮನುಷ್ಯರ ತಪ್ಪನ್ನು ನಾನೇ ಮುಚ್ಚುತ್ತೇನೆ.

"ಸೋಮವಾರ ಪ್ರೆಸ್ಸಿಗೆ ಹೋಗುತ್ತೆ," ಅಂದೆ.

"ಗೊತ್ತು. ಅದಕ್ಕೇ ಇವತ್ತು ಬಂದೆ," ಅಂದರು ಹೆಲ್ಗಮ್ಮ. ಆಮೇಲೆ ತಟ್ಟೆ ಎಳೆದುಕೊಂಡು ಆರಿದ ದೋಸೆ ತಿಂದರು. ಚಟ್ನಿ ಖಾರ ಅಂದರು. ಇನ್ನೊಂದು ಹಾಕಿಸಿಕೊಂಡರು.

ಆ ಶನಿವಾರ, ಭಾನುವಾರ ನಮ್ಮ ಮನೆ ಆಫೀಸಾಯಿತು. ಹೆಲ್ಗಮ್ಮ ಮೇಜಿನ ಆ ಕಡೆ, ನಾನು ಈ ಕಡೆ, ನಡುವೆ ಆದ್ಯಾ ಲ್ಯಾಪ್‌ಟಾಪ್ ಹಿಡಿದುಕೊಂಡು. ನನ್ನ ವಿಶೇಷಣಗಳು ಒಂದೊಂದಾಗಿ ಉದುರಿದವು. ಸಾಂಸ್ಕೃತಿಕ ಪ್ರವಾಸ ಮತ್ತೆ ತಪ್ಪು ನೊಯ್‌ಶ್ಟಾಟ್ ಆಯಿತು. ಡ್ರೈವರ್ ಯಾರು ಅಂತ ಹೆಲ್ಗಮ್ಮ ಹೆಸರು ಸಮೇತ ಹೇಳಿದರು. ಡ್ರೈವರ್ ಯೋಕೆನ್. ಫೋನ್ ಮಾಡಿ ಒಪ್ಪಿಗೆ ಕೇಳಿದೆ.

"ಹಾಕು. ಮ್ಯಾಪ್ ಹಿಡಿದಿದ್ದವನ ಹೆಸರೂ ಹಾಕು," ಅಂದರು ಯೋಕೆನ್. ಈ ಸಲ ನಗುತ್ತಿದ್ದರು.

ಗಿರೀಶ್ ಮಾತ್ರ ಕೊನೆಯವರೆಗೂ ಗೊಣಗುತ್ತಲೇ ಇದ್ದರು. "ಏನೇ ಆಗ್ಲಿ, ಕಟ್ಕೊಂಡ ಗಂಡ ಅಲ್ವಾ? ಒಂದು ಬೆನಿಫಿಟ್ ಆಫ್ ಡೌಟ್ ಕೊಡಬಹುದಿತ್ತಪ್ಪ ಆ ಯಮ್ಮ." ನನ್ನ ಕಡೆ ಯಾಕೋ ಸ್ವಲ್ಪ ಹೆದರಿಕೆಯಿಂದಲೇ ನೋಡಿದರು.

ವಾಲ್ಟರ್ ಪುಟವನ್ನು ಮಾತ್ರ ನಾನೇ ಬರೆದೆ. ಚಿಕ್ಕದಾಗಿ, ಐದಾರು ಸಾಲು. ಮೋಡ ಇತ್ತು. ಚೆಂಡು ನೇರ ತಲೆಯ ಮೇಲೆ ಬಂತು. ವಾಲ್ಟರ್ ಬಿಟ್ಟರು. ಸಂಜೆ ಕೇಕ್ ಮಾಡಿದರು, ನಡುವೆ ಬೆಂದಿರಲಿಲ್ಲ. ನಾವು ಇವತ್ತಿಗೂ ತಿನ್ನುತ್ತಿರುವ ಕೇಕು ಅದು. ಹೆಲ್ಗಮ್ಮ ಓದಿ ಹಾಂ ಅನ್ನಲಿಲ್ಲ, ಹ್ಞೂಂ ಅನ್ನಲಿಲ್ಲ. ಕನ್ನಡಕ ತೆಗೆದು ಚೀಲಕ್ಕೆ ಹಾಕಿಕೊಂಡರು. ಸ್ವಾಬಿಯನ್ನರು ಬೈಯದೇ ಇದ್ದರೆ ಅದೇ ದೊಡ್ಡ ಪ್ರಶಸ್ತಿ ಅಂತ ಆದ್ಯಾ ಆಮೇಲೆ ಸಮಾಧಾನ ಮಾಡಿದಳು.

ಕಳೆದ ಭಾನುವಾರ ಮಧ್ಯಾಹ್ನ ವಾರ್ಷಿಕೋತ್ಸವ. ಮೈದಾನದ ಪಕ್ಕ ಟೆಂಟು, ಉದ್ದ ಬೆಂಚುಗಳು, ಬಿಯರು, ಹದಿನೆಂಟು ಥರದ ಕೇಕು. ನಾನು ಕೇಸರಿಬಾತ್ ಮಾಡಿಕೊಂಡು ಹೋಗಿದ್ದೆ. (ಅದೂ ಒಂದು ತಪ್ಪಿನ ಕೇಕೇ ಅಂತ ನನ್ನ ಮನಸ್ಸಿಗೆ ಗೊತ್ತಿತ್ತು.) ಬೆಳಗ್ಗೆ ಮ್ಯಾಚ್ ಇತ್ತು, ಸ್ನೇಲ್ಸ್ ಸೋತಿತ್ತು. ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಂಡಂತೆ ಕಾಣಲಿಲ್ಲ.

ಯೋಕೆನ್ ಪುಸ್ತಕ ಹಿಡಿದು ಬೆಂಚಿನ ಮೇಲೆ ಹತ್ತಿದರು. ಒಂದು ಪುಟ ಓದುತ್ತೇನೆ ಅಂದರು. ಯಾವ ಪುಟ ಅಂತ ನಮಗೆ ಹೇಳಿರಲಿಲ್ಲ. "ಮೋಡ ಇತ್ತು," ಅಂತ ಶುರುಮಾಡಿದರು. ಪಕ್ಕದಲ್ಲಿ ಕೂತಿದ್ದ ಹೆಲ್ಗಮ್ಮನ ಮುಖ ನೋಡಲು ಧೈರ್ಯವಾಗಲಿಲ್ಲ. ವಾಲ್ಟರ್ ಬಿಟ್ಟರು ಅನ್ನುವ ಸಾಲು ಬಂತು. ಆಮೇಲೆ ಹಿಂದಿನ ಬೆಂಚಿನಲ್ಲಿ ಯಾರೋ ಹಳೆಯ ಆಟಗಾರ ಲೋಟ ಎತ್ತಿ, "ವಾಲ್ಟರ್," ಅಂದರು. ಬರೀ ಹೆಸರು. ಎಲ್ಲರೂ ಎದ್ದು ನಿಂತರು. ಕಪ್ಪು ಗೆದ್ದುಕೊಟ್ಟವನಿಗೂ ಆ ಊರಿನಲ್ಲಿ ಯಾರೂ ಹಾಗೆ ಎದ್ದು ನಿಂತದ್ದನ್ನು ನಾನು ನೋಡಿಲ್ಲ. (ಕಪ್ಪು ಗೆದ್ದುಕೊಟ್ಟವರು ಯಾರೂ ಇಲ್ಲ ಅನ್ನುವುದು ಬೇರೆ ಮಾತು.)

ಗದ್ದಲ ಇಳಿದ ಮೇಲೆ ನಾನು ಹೆಲ್ಗಮ್ಮನನ್ನು ಕೇಳಿಯೇ ಬಿಟ್ಟೆ. ಗಿರೀಶ್ ಪ್ರಶ್ನೆ ನನ್ನ ತಲೆಯಲ್ಲೂ ಕೊರೆಯುತ್ತಿತ್ತು.

"ಅವತ್ತು ತೀರ್ಮಾನ ನಿಮ್ಮೊಬ್ಬರದೇ. ಒಳ್ಳೆಯ ಹೊಡೆತ ಅಂತ ಬರೆದುಬಿಟ್ಟಿದ್ರೆ ಯಾರು ಕೇಳ್ತಿದ್ರು? ನಿಮ್ಮ ಗಂಡ ಅಲ್ವಾ?"

ಹೆಲ್ಗಮ್ಮ ಕೇಸರಿಬಾತಿನಲ್ಲಿದ್ದ ದ್ರಾಕ್ಷಿಯನ್ನು ಫೋರ್ಕಿನಿಂದ ಪಕ್ಕಕ್ಕೆ ತಳ್ಳುತ್ತ ಹೇಳಿದರು.

"ಬರೀಬಹುದಿತ್ತು. ಪೆನ್ಸಿಲ್ ಸ್ವಲ್ಪ ಹೊತ್ತು ಹಾಗೇ ಹಿಡ್ಕೊಂಡಿದ್ದೆ. ಆಮೇಲೆ ಬರೆದೆ. ಕಾರಲ್ಲಿ ಮನೆಗೆ ಹೋಗುವಾಗ ಅವನೇ ಕೇಳಿದ, ಏನು ಬರೆದೆ ಅಂತ. ತಪ್ಪು ಅಂತ ಬರೆದೆ ಅಂದೆ. ಸರಿ ಅಂದ. ಮೊಟ್ಟೆ ಇದೆಯಾ ಮನೇಲಿ ಅಂತ ಕೇಳಿದ."

"ಅಷ್ಟೇನಾ?"

"ಅಷ್ಟೇ." ಫೋರ್ಕನ್ನು ತಟ್ಟೆಯಲ್ಲಿಟ್ಟರು. "ಜನವರಿಯಲ್ಲಿ, ಆಸ್ಪತ್ರೆಯಲ್ಲಿ, ಕೊನೆಯ ವಾರ. ನಾನು ಒಳ್ಳೆಯ ಗಂಡ ಆಗಿದ್ನಾ ಅಂತ ಕೇಳಿದ. ಹೌದು ಅಂದೆ. ನಂಬಿದ."

ನಾನು ಮನೆಗೆ ಬಂದೆ. ಗಿರೀಶ್ ಸೋಫಾದಲ್ಲಿ ಕೂತು ಮ್ಯಾಚ್ ನೋಡುತ್ತಿದ್ದರು. ಇಷ್ಟು ವರ್ಷ ನಾನು ಅವರು ಮಾಡಿದ ಸಾರಿಗೆ, ಅವರ ಶರ್ಟಿಗೆ, ಅವರ ಹಾಡಿಗೆ ಚೆನ್ನಾಗಿದೆ ಚೆನ್ನಾಗಿದೆ ಅಂತಲೇ ಹೇಳಿಕೊಂಡು ಬಂದಿದ್ದೇನೆ.

ನಾಳೆ ಅವರು ಅದೇ ಪ್ರಶ್ನೆ ಕೇಳಿ ನಾನು ಹೌದು ಅಂದರೆ, ನಂಬುತ್ತಾರಾ?